ಒಡಲೊಳಗಿನ ಯಂತ್ರಕ್ಕೆ ಒಡೆಯರಾರು?

ಇನ್ಸುಲಿನ್ ತಯಾರಿಕೆಯ ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ 1923ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಜೀವದಾಯಕವಾದ ವಸ್ತು ಯಾರೊಬ್ಬರ ಏಕಸ್ವಾಮ್ಯವೂ ಆಗಬಾರದೆಂಬ ವಿವೇಕ ಅದರ ಹಿಂದಿತ್ತು. ಆ ವಿವೇಕ ಇಂದು ಏನಾಗಿದೆಯೆಂಬುದಕ್ಕೆ ಫ್ರಾನ್ಸಿನ ನಿದರ್ಶನವೊಂದನ್ನು ಓದುಗರ ಮುಂದಿಡಬಯಸುತ್ತೇನೆ.

1980ರ ದಶಕದಲ್ಲಿ ಮನುಷ್ಯರ ಮೇಲೆ ಪ್ರಯೋಗಕ್ಕೆ ಬಂದ ಇನ್ಸುಲಿನ್ ಪಂಪು ಹೊಟ್ಟೆಯ ಚರ್ಮದಡಿ ಕೂರುವ ಒಂದು ಬಿಲ್ಲೆ. ಅದರ ನಳಿಕೆ ಉದರದೊಳಗೆ ಒಸರಿಸುವ ಇನ್ಸುಲಿನ್ ಬಹುಪಾಲು ಮೊದಲು ಯಕೃತ್ತನ್ನು ಸೇರುತ್ತದೆ. ಆರೋಗ್ಯವಂತರ ಮೇದೋಜೀರಕ ಗ್ರಂಥಿಯ ದಾರಿಯೂ ಅದೇ. ಕೆಲವು ವಾರಗಳಿಗೊಮ್ಮೆ ಸೂಜಿ ಚುಚ್ಚಿ ಸಾಂದ್ರ ಇನ್ಸುಲಿನ್ ತುಂಬಬೇಕು. ನಳಿಕೆ ಕಟ್ಟಿಕೊಳ್ಳುವುದು, ಸೋಂಕು ತಗಲುವುದು ಉಂಟು. ಆದರೂ ಚುಚ್ಚುಮದ್ದಿಗೆ ರೋಗ ಹತೋಟಿಗೆ ಬಾರದೆ, ಸಕ್ಕರೆ ಕುಸಿದು ಮತ್ತೆಮತ್ತೆ ಪ್ರಜ್ಞೆ ತಪ್ಪುತ್ತಿದ್ದವರಿಗೆ ಅದು ಆಸರೆಯಾಯಿತು.

2010ರ ದಶಕದ ಉತ್ತರಾರ್ಧದಲ್ಲಿ ಮೆಡ್‌ಟ್ರಾನಿಕ್ ಸಂಸ್ಥೆ ಅದರ ತಯಾರಿಕೆಯನ್ನು ನಿಲ್ಲಿಸಲು ನಿರ್ಧರಿಸಿತು. ಗಿರಾಕಿಗಳಿಲ್ಲದ ಸರಕನ್ನು ಕೈಬಿಡುವುದು ವ್ಯಾಪಾರದ ಸಹಜ ಧರ್ಮವೆಂದು ವಾದಿಸುವವರಿದ್ದಾರೆ. ಅಂಗಡಿಯ ಸರಕಿಗೆ ಆ ಮಾತು ಸಲ್ಲಬಹುದು; ಮನುಷ್ಯನ ಒಡಲನ್ನು ಹೊಕ್ಕು ಅಂಗವೇ ಆದದ್ದಕ್ಕೆ ಸಲ್ಲದು. ಬ್ಯಾಟರಿ ತೀರಿದಾಗ ಪಂಪನ್ನು ಬದಲಿಸಲೇಬೇಕು. ಬದಲಿ ದೊರೆಯದಿದ್ದರೆ ರೋಗಿ ಹಳೆಯ ಭಯಕ್ಕೇ ಮರಳಬೇಕು.

ಆದ್ದರಿಂದ, ಇಂಥ ಯಂತ್ರದ ತಯಾರಿಕೆಯನ್ನು ಕೈಬಿಡುವ ಸಂಸ್ಥೆ ಅದರ ವಿನ್ಯಾಸವನ್ನು ಸಾರ್ವಜನಿಕ ಸಂಸ್ಥೆಯೊಂದಕ್ಕೆ ಒಪ್ಪಿಸಲೇಬೇಕೆಂದು ಕಾನೂನು ಕಟ್ಟುಪಾಡು ವಿಧಿಸಬೇಕೆಂಬುದು ನನ್ನ ನಿಲುವು. ಬೆಲೆ ಎಷ್ಟೆಂದು ಕೇಳಿದರೆ, 1923ರ ಆ ಒಂದು ಡಾಲರಿನ ಮೇಲ್ಪಂಕ್ತಿ ಇದ್ದೇ ಇದೆ.