ಬಂಗಾರವಿಲ್ಲದ ಮರಳು

ಹೋದ ದೀಪಾವಳಿಗೆ ಬಂದಿದ್ದ ನೆಂಟರೊಬ್ಬರು ನಮ್ಮ ಗೋಡೆ ಬೀರುವಿನಲ್ಲಿ ಸಾಲಾಗಿಟ್ಟ ಸಣ್ಣ ಸೀಸೆಗಳನ್ನು ನೋಡಿ, "ಇದೇನಮ್ಮಾ, ಹೋಮಿಯೋಪತಿ ಶುರುಮಾಡಿದೆಯಾ?" ಎಂದರು. ಅಲ್ಲ, ಮರಳು ಎಂದೆ. ಅವರ ಕಣ್ಣು ಅಗಲವಾಯಿತು. "ಚಿನ್ನ ಇದೆಯಾ ಇದರಲ್ಲಿ?" ಇಲ್ಲ ಎಂದೆ. "ಮತ್ಯಾಕೆ ಇಟ್ಕೊಂಡಿದ್ದೀಯ?" ಎಂದವರು ಚಕ್ಕುಲಿ ತಟ್ಟೆಯ ಕಡೆ ತಿರುಗಿದರು.

ನಮ್ಮ ಉರಿಗಾಂನಲ್ಲಿ ಮರಳಿಗೆ ಕೇಳುವುದು ಈ ಒಂದೇ ಪ್ರಶ್ನೆ. ಹೆಂಗಸರ ಬಿಡುವಿಗೂ ಅದೇ ಪ್ರಶ್ನೆ: ಅದರಿಂದ ಏನು ಬರುತ್ತದೆ? ಟೈಲರಿಂಗ್ ಕಲಿತರೆ ನಾಲ್ಕು ಕಾಸು, ಹಪ್ಪಳ ಒತ್ತಿದರೆ ನಾಲ್ಕು ಕಾಸು. ಮಧ್ಯಾಹ್ನವೆಲ್ಲ ಕುಳಿತು ಮರಳು ನೋಡುವವಳಿಗೆ ತಲೆ ಕೆಟ್ಟಿದೆ. ಗಂಡಸರು ಇಡೀ ದಿನ ಕ್ರಿಕೆಟ್ ನೋಡಿದರೆ ಈ ಲೆಕ್ಕ ಯಾರೂ ಕೇಳುವುದಿಲ್ಲ. ನನಗೆ ಈ ಪ್ರಶ್ನೆಯ ಮೇಲೆ ಬಹಳ ದಿನದ ಸಿಟ್ಟಿದೆ. ಇವತ್ತು ಹೇಳಿಯೇಬಿಡುತ್ತೇನೆ.

ಮಗಳ ಓದಿಗೆಂದು ತಂದ ಮೈಕ್ರೋಸ್ಕೋಪು ಅವಳು ಬೆಂಗಳೂರು ಸೇರಿದ ಮೇಲೆ ಅಟ್ಟದ ಮೇಲಿತ್ತು. ಅಂಬಾಲದಲ್ಲಿ ತಯಾರಾದದ್ದು, ನಲವತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದೇ ಹೊತ್ತಿಗೆ ತಂಗಿ ಕಾರವಾರದಿಂದ ಒಂದು ಹಿಡಿ ಕಡಲ ಮರಳು ತಂದಳು. ಮರಳನ್ನು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಕಪ್ಪು ಕಾಗದದ ಮೇಲೆ ಚಿಟಿಕೆಯಷ್ಟು ಹರಡಿ, ಪಕ್ಕದಿಂದ ಟೇಬಲ್ ಲ್ಯಾಂಪಿನ ಬೆಳಕು ಬಿಟ್ಟು ನೋಡಿದೆ. ಹರಳುಗಳ ನಡುವೆ ಒಂದು ಸುರುಳಿ ಚಿಪ್ಪು! ಬಸವನಹುಳುವಿನಂತೆಯೇ ಇದೆ, ಆದರೆ ಸಾಸಿವೆಗಿಂತ ಎಷ್ಟೋ ಚಿಕ್ಕದು. ಒಳಗೆ ಕೋಣೆಯ ಪಕ್ಕ ಕೋಣೆ, ನಮ್ಮ ಮೈನಿಂಗ್ ಲೈನಿನ ಮನೆಗಳ ಹಾಗೆ.

ಇವುಗಳಿಗೆ ಫೊರಾಮಿನಿಫೆರಾ ಎಂದು ಹೆಸರು. ಒಂದೇ ಒಂದು ಜೀವಕೋಶದ ಪ್ರಾಣಿ ತನಗಾಗಿ ಕಟ್ಟಿಕೊಳ್ಳುವ ಮನೆ ಅದು, ಹೆಚ್ಚಿನವು ಸುಣ್ಣದವು. ಪ್ರಾಣಿ ಸತ್ತರೂ ಮನೆ ಉಳಿಯುತ್ತದೆ. ಕೆಸರಿನಲ್ಲಿ ಹೂತು ಕಾಲಾಂತರದಲ್ಲಿ ಸೂಕ್ಷ್ಮ ಪಳೆಯುಳಿಕೆಯಾಗುತ್ತದೆ. ಯಾವ ಪದರದಲ್ಲಿ ಯಾವ ಚಿಪ್ಪಿದೆ ಎಂದು ನೋಡಿಯೇ ಎಣ್ಣೆ ಹುಡುಕುವವರು ಬಂಡೆಯ ವಯಸ್ಸು ಗುರುತಿಸುತ್ತಾರೆ. ಅರಬ್ಬೀ ಸಮುದ್ರದ ತಳದಲ್ಲಿ ಒಂದು ಜಾತಿಯ ಚಿಪ್ಪು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಎಣಿಸಿ, ಸಾವಿರಾರು ವರ್ಷ ಹಿಂದೆ ಮುಂಗಾರಿನ ಗಾಳಿ ಎಷ್ಟು ಬಲವಾಗಿತ್ತೆಂದು ತಿಳಿಯುತ್ತಾರೆ. ಒಂದು ಗುಂಜಿ ಚಿನ್ನವಿಲ್ಲದ ಮರಳು ಇಷ್ಟೆಲ್ಲ ಹೇಳುತ್ತದೆ.

ಆಮೇಲೆ ನನಗೆ ನಮ್ಮೂರ ಮರಳನ್ನೂ ನೋಡುವ ಆಸೆಯಾಯಿತು. ಅದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಆಷಾಢದ ಗಾಳಿ ಸೈನೈಡ್ ದಿಬ್ಬಗಳಿಂದ ಹೊತ್ತು ತಂದು ನಮ್ಮ ಕಿಟಕಿ ಕಟ್ಟೆಯ ಮೇಲೆ, ಒಣಹಾಕಿದ ಸೀರೆಯ ಮೇಲೆ, ಮುಚ್ಚಳ ತೆರೆದರೆ ಅನ್ನದ ಮೇಲೂ ಸುರಿಯುತ್ತದೆ. ಗಣಿಯಿಂದ ತಂದ ಕಲ್ಲನ್ನು ನುಣ್ಣಗೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಗಷ್ಟು ಅದು. ಅದನ್ನು ನೋಡುವಾಗ ಮಾವನವರು ಬಾಗಿಲಲ್ಲಿ ನಿಂತು, "ಏನಾದರೂ ಉಳಿದಿದ್ದರೆ ಅವರು ಬಿಡ್ತಿದ್ದರೇನಮ್ಮಾ?" ಎಂದು ನಕ್ಕರು. ಮೂವತ್ತು ವರ್ಷ ನೆಲದೊಳಗೆ ದುಡಿದವರು.

ಚಿಪ್ಪು ಒಂದೂ ಸಿಗಲಿಲ್ಲ, ಸಿಗುವಂತೆಯೂ ಇಲ್ಲ. ನಮ್ಮ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ಲಾವಾ ಹರಿದು, ಬೆಂದು, ಒತ್ತಡಕ್ಕೆ ಸಿಕ್ಕಿ ಬದಲಾದದ್ದು. ಫೊರಾಮಿನಿಫೆರಾ ಹುಟ್ಟಿದ್ದು ಅದಕ್ಕಿಂತ ಇನ್ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲದ ನಂತರ. ಆದರೆ ಕಂಡದ್ದೇ ಬೇರೆ. ಕಡಲ ಮರಳಿನ ಕಾಳುಗಳು ಉರುಳಿ ಉರುಳಿ ಅಂಚು ಸವೆದಿದ್ದವು. ನಮ್ಮ ದಿಬ್ಬದ ಕಾಳುಗಳು ಒಡೆದ ಗಾಜಿನ ಚೂರಿನಂತೆ ಮೊನಚಾಗಿದ್ದವು. ಬಿಳಿ ಸ್ಫಟಿಕ, ಕಪ್ಪು ಹಸಿರಿನ ಚಕ್ಕೆ. ಇವನ್ನು ನದಿ ತಂದಿಲ್ಲ, ಯಂತ್ರ ಕುಟ್ಟಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವತ್ತು ನನ್ನ ಪೊರಕೆ ಕೈಯಲ್ಲೇ ನಿಂತಿತು. ಎಷ್ಟು ವರ್ಷ ಗುಡಿಸಿದ್ದೇನೆ ಇದನ್ನು! 1940ರ ದಶಕದಲ್ಲಿ ಇಲ್ಲಿಯ ಗಣಿ ಕಾರ್ಮಿಕರ ಎದೆ ಪರೀಕ್ಷೆ ನಡೆದಾಗ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡಿತ್ತು. ಆ ರೋಗ ತರುವ ಧೂಳಂತೂ ಇನ್ನೂ ಸಣ್ಣದು, ನನ್ನ ಮೈಕ್ರೋಸ್ಕೋಪಿಗೆ ಸ್ಪಷ್ಟವಾಗಿ ಸಿಗದಷ್ಟು ಸಣ್ಣದು. ಆದರೆ ಕಂಡಷ್ಟೇ ನನಗೆ ಸಾಕಾಯಿತು. ಆಮೇಲೆ ನಾನು ಒಣ ಪೊರಕೆ ಹಿಡಿದಿಲ್ಲ, ಒದ್ದೆ ಬಟ್ಟೆಯಿಂದಲೇ ಒರೆಸುವುದು. "ಅದರಿಂದ ಏನು ಬರುತ್ತದೆ" ಎನ್ನುವವರಿಗೆ ಇದೊಂದು ಉತ್ತರ. ಇಷ್ಟೂ ಬಾರದಿದ್ದರೂ ನಾನು ನೋಡುತ್ತಿದ್ದೆ, ಆ ಮಾತು ಬೇರೆ.

ಚಿನ್ನವೊಂದನ್ನೇ ಕೇಳಿ ನಮ್ಮೂರಿಗೆ ಏನು ದಕ್ಕಿತು? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೊಟ್ಟದ್ದು ಮುಗಿದ ಕೂಡಲೇ ಊರಿನ ಕಥೆಯೇ ಮುಗಿಯಿತೆಂದು ಎಲ್ಲರೂ ಬರೆದರು. ಹುಡುಗರು ಬೆಳಗಿನ ಜಾವದ ರೈಲಿಗೆ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೊರಟರು. ಆದರೆ ಇದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಿಜ್ಞಾನಿಗಳು ಚಿನ್ನ ಬಿಟ್ಟು ಬೇರೆಯದನ್ನು ಕೇಳಿದರು. ಆಕಾಶದಿಂದ ಬಂದು ನೆಲವನ್ನೇ ತೂರಿ ಹೋಗುವ ನ್ಯೂಟ್ರಿನೋ ಕಣದ ಗುರುತು ಅವರಿಗೆ ಸಿಕ್ಕಿತು. ಬೇರೆ ಪ್ರಶ್ನೆ ಕೇಳಿದವರಿಗೆ ಅದೇ ಬಂಡೆ ಬೇರೆ ಉತ್ತರ ಕೊಟ್ಟಿತು.

ಈಗ ಮತ್ತೆ ಹಳೆಯ ಪ್ರಶ್ನೆ ಬಂದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಹದಿಮೂರು ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 3.3 ಕೋಟಿ ಟನ್ ಮರಳು. ತೆಗೆಯಲಿ, ನಾಲ್ಕು ಜನಕ್ಕೆ ಕೆಲಸ ಸಿಕ್ಕರೆ ನನಗೂ ಸಂತೋಷ. ಆದರೆ ಟನ್ನಿಗೆ ಎಷ್ಟು ಗ್ರಾಂ ಎಂದು ಕೇಳುವವರು, ಅಗೆದಾಗ ಏಳುವ ಧೂಳು ಯಾರ ಮನೆಗೆ ಎಷ್ಟು ಎಂದೂ ಕೇಳಬೇಕು. ಅದನ್ನು ಕೇಳಬೇಕಾದವರು ಪೊರಕೆ ಹಿಡಿದ ನಾವೇ. ಕೇಳುವಾಗ ಕೈಯಲ್ಲಿ ಏನಾದರೂ ಇರಬೇಕಲ್ಲ?

ಅದಕ್ಕೇ ಹೇಳುತ್ತೇನೆ, ನಿಮ್ಮ ಊರು ಯಾವುದಾದರೂ ಸರಿ, ಒಂದು ಖಾಲಿ ಔಷಧಿ ಸೀಸೆ ತೊಳೆದಿಡಿ. ಕಿಟಕಿಯ ಧೂಳೋ ಕೆರೆಯ ಮರಳೋ ತುಂಬಿ. ದಿಬ್ಬದ ಧೂಳನ್ನು ಒಣಗಿದ್ದಾಗ ಜರಡಿ ಹಿಡಿಯಬೇಡಿ, ನೀರಿನಲ್ಲೇ ತೊಳೆಯಿರಿ. ಸಾದಾ ಮೈಕ್ರೋಸ್ಕೋಪಿನ ಕಣ್ಣಿಗೆ ಮೊಬೈಲು ಹಿಡಿದರೆ ಫೋಟೋ ಬರುತ್ತದೆ. ಅಷ್ಟೇ ದೂರದಲ್ಲಿ ಅಳತೆಪಟ್ಟಿಯ ಮಿಲಿಮೀಟರ್ ಗೆರೆಗಳದ್ದೂ ಒಂದು ಫೋಟೋ ತೆಗೆಯಿರಿ, ಆಗ ಕಾಳಿನ ಗಾತ್ರ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಚೀಟಿ ಅಂಟಿಸಿ: ಎಲ್ಲಿಯದು, ಯಾವ ದಿನ, ತಂದವರು ಯಾರು. ಚೀಟಿಯಿಲ್ಲದ ಸೀಸೆ ಬರೀ ಮರಳು. ಚಂದದ ಫೋಟೋ ತೆಗೆದು ಊರಿನ ಹೆಸರು ಬರೆಯದವರ ಮೇಲೂ ನನಗೆ ಸಿಟ್ಟೇ.

ನನ್ನ ಬೀರುವಿನಲ್ಲಿ ಈಗ ನಲವತ್ತೊಂದು ಸೀಸೆಗಳಿವೆ. ಕೊನೆಯದರ ಮೇಲೆ ಹೀಗಿದೆ: ಉರಿಗಾಂ, ಅಡುಗೆಮನೆ ಕಿಟಕಿ, ಆಷಾಢ ಅಮಾವಾಸ್ಯೆ. ಕೆಳಗೆ ನನ್ನ ಹೆಸರು. ಮುಂದಿನ ಹಬ್ಬಕ್ಕೆ ಆ ನೆಂಟರು ಬರಲಿ, ಚಕ್ಕುಲಿ ಕೊಡುವ ಮೊದಲು ಇದನ್ನು ತೋರಿಸುತ್ತೇನೆ.