ಸಸ್ಯಶಾಸ್ತ್ರ: ಸೋತವರ ಆಯ್ಕೆಯೇ?

ನೀಟ್ ಫಲಿತಾಂಶ ಬಂದ ಬಳಿಕ ನಮ್ಮ ಅನೇಕ ಮನೆಗಳಲ್ಲಿ ಒಂದು ಬಗೆಯ ಮೌನ ಆವರಿಸುತ್ತದೆ. ವೈದ್ಯಕೀಯ ಸೀಟು ಸಿಗದ ಮಗಳು ಮೈಸೂರಿನ ಯುವರಾಜ ಕಾಲೇಜಿಗೋ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿಗೋ ಬಿ.ಎಸ್ಸಿ. ಓದಲು ಸೇರುತ್ತಾಳೆ. ನೆಂಟರು ವಿಚಾರಿಸಿದರೆ, 'ಸುಮ್ಮನೆ ಡಿಗ್ರಿ ಮಾಡುತ್ತಿದ್ದಾಳೆ' ಎಂದು ನಾವೇ ದನಿ ತಗ್ಗಿಸುತ್ತೇವೆ. ಆಕೆಯ ವಿಷಯ ಸಸ್ಯಶಾಸ್ತ್ರವಾಗಿದ್ದರಂತೂ ಅದು ಮದುವೆಯ ತನಕ ಹೊತ್ತು ಕಳೆಯುವ ಓದೆಂದೇ ತೀರ್ಮಾನಿಸುತ್ತೇವೆ.

ಈ ತಾತ್ಸಾರ ನಮಗೆ ಎಲ್ಲಿಂದ ಬಂತು? ನಮ್ಮ ಪರಂಪರೆಯಿಂದಂತೂ ಅಲ್ಲ. 9ನೇ ಶತಮಾನದ ವಿದ್ವಾಂಸ ಅದ್ದೀನವರಿ ಸಸ್ಯಗಳ ಕುರಿತೇ 'ಕಿತಾಬುನ್ನಬಾತ್' ಎಂಬ ಬೃಹತ್ ಗ್ರಂಥವನ್ನು ರಚಿಸಿದರು. ಸ್ಪೇನಿನಲ್ಲಿ ಹುಟ್ಟಿದ ಇಬ್ನುಲ್ ಬೈತಾರ್ 13ನೇ ಶತಮಾನದಲ್ಲಿ ಸುಮಾರು 1,400 ಔಷಧ ಮತ್ತು ಆಹಾರ ದ್ರವ್ಯಗಳನ್ನು ದಾಖಲಿಸಿದರು. ಅವುಗಳಲ್ಲಿ ಬಹುಪಾಲು ಸಸ್ಯಮೂಲದವು. ನಮ್ಮ ನಾಡಿನಲ್ಲೇ ಹೈದರಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ಆರಂಭಿಸಿದರು. ಟಿಪ್ಪು ಸುಲ್ತಾನರು ಹೊರನಾಡುಗಳಿಂದ ಸಸಿಗಳನ್ನು ತರಿಸಿ ಅದನ್ನು ಬೆಳೆಸಿದರು. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ನೆಲೆ ಒದಗಿಸಿದರು.

ಆ ರೇಷ್ಮೆಯ ಬೇರು ಇಂದಿಗೂ ಒಂದು ಎಲೆಯಲ್ಲಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ರೂಪಿಸಿದ 'ವಿ-1' ಹಿಪ್ಪುನೇರಳೆ ತಳಿಯನ್ನು ನಮ್ಮ ರೈತರು ಬೆಳೆಯುತ್ತಿದ್ದಾರೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಾಣಿಕೆಯನ್ನೇ ನಂಬಿರುವ ನಮ್ಮ ಸಮುದಾಯದ ಕುಟುಂಬಗಳ ಅನ್ನವೂ ಅದೇ ಎಲೆಯಿಂದ ಹುಟ್ಟುತ್ತದೆ. ಹೊಸ ತಳಿ ರೂಪಿಸಲು, ಎಲೆಯ ರೋಗ ಗುರುತಿಸಲು ಬೇಕಾದುದು ಸಸ್ಯಗಳ ಅರಿವೇ. ಹೀಗಿರುವಾಗ ಆ ಓದನ್ನು ನಿರುಪಯುಕ್ತವೆನ್ನುವುದು ಹೇಗೆ?

ಪದವಿಯೊಂದೇ ಉದ್ಯೋಗ ಕೊಡಿಸುತ್ತದೆಂದು ನಾವು ಹೇಳುತ್ತಿಲ್ಲ. ಬಿ.ಎಡ್. ಮಾಡಿದರೆ ಶಾಲಾ ಶಿಕ್ಷಕಿಯಾಗಬಹುದು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದರೆ ಸಂಶೋಧನೆಯ, ಉಪನ್ಯಾಸಕ ವೃತ್ತಿಯ ಹಾದಿ ತೆರೆಯುತ್ತದೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲೂ ಸಸ್ಯಶಾಸ್ತ್ರದ ಪದವಿ ಅರ್ಹತೆಯಾಗಿದೆ. ಆದರೆ ಇವೆಲ್ಲಕ್ಕೂ ಪದವಿಯ ನಂತರ ಇನ್ನಷ್ಟು ವರ್ಷಗಳ ಶ್ರಮ ಬೇಕು. ನಾವು ಮಾಡುತ್ತಿರುವುದೇನು? ಮೂರನೇ ವರ್ಷ ಮುಗಿಯುತ್ತಲೇ ಮಗಳ ಓದನ್ನು ನಿಲ್ಲಿಸುತ್ತೇವೆ. ಬಳಿಕ 'ಆ ಡಿಗ್ರಿಯಿಂದ ಏನು ಸಿಕ್ಕಿತು?' ಎಂದು ಆಕೆಯನ್ನೇ ಕೇಳುತ್ತೇವೆ. ಇದು ನ್ಯಾಯವಲ್ಲ.

ಒಬ್ಬ ವಿಶ್ವಾಸಿ ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಗಿಡ ನೆಡುವುದಕ್ಕೇ ಇಷ್ಟು ಬೆಲೆಯಿರುವಾಗ, ಗಿಡವನ್ನು ಅರಿಯಲು ಹೊರಟ ಮಗಳ ಬಗ್ಗೆ ನಾವು ನಾಚಿಕೊಳ್ಳಬೇಕಿಲ್ಲ. ಮುಂದಿನ ಸಲ ನೆಂಟರು ಕೇಳಿದಾಗ ಆಕೆಯ ವಿಷಯದ ಹೆಸರನ್ನು ಗಟ್ಟಿಯಾಗಿ ಹೇಳೋಣ. ಆಕೆ ಇನ್ನೆರಡು ವರ್ಷ ಓದುತ್ತೇನೆಂದರೆ ಅಡ್ಡಿಯಾಗದಿರೋಣ.