ಅಮ್ಮನ ಸೂಟ್‌ಕೇಸಲ್ಲಿ ಎರಡು ಕೆ.ಜಿ. ಕೊಬ್ಬರಿ

ಟ್ರಿಪ್ಪಿಗೆ ಏನು ತಗೊಂಡು ಹೋಗಬೇಕು, ಏನು ಬಿಡಬೇಕು ಅಂತ ಆಫೀಸಲ್ಲಿ ಯಾರಿಗಾದರೂ ಗೊಂದಲ ಆದ್ರೆ ನನ್ನ ಹತ್ತಿರ ಬರ್ತಾರೆ. ನಾಲ್ಕು ದಿನದ ಪ್ರವಾಸಕ್ಕೂ ನನ್ನದು ಒಂದೇ ಬ್ಯಾಕ್‌ಪ್ಯಾಕ್. ಎರಡು ಪ್ಯಾಂಟು, ಮೂರು ಟೀ ಶರ್ಟು, ಒಂದು ಜೊತೆ ಚಪ್ಪಲಿ, ಮುಗೀತು. ಬೆಲ್ಟಿನ ಹತ್ತಿರ ಲಗೇಜಿಗೆ ಕಾಯ್ತಾ ನಿಂತವರನ್ನು ನೋಡಿ ಒಳಗೊಳಗೇ ಬೀಗ್ತಾ ಹೊರಗೆ ಬಂದುಬಿಡೋಳು ನಾನು.

ಆ ಬೀಗುವಿಕೆ ಹೋದ ಡಿಸೆಂಬರಿನಲ್ಲಿ ಇಳೀತು. ಇಳಿಸಿದ್ದು ನಮ್ಮಮ್ಮ.

ಅಕ್ಕ ಪುಣೆಯಲ್ಲಿದ್ದಾಳೆ. ಅವಳ ಮೊದಲ ಹೆರಿಗೆ ಊರಲ್ಲೇ ಆಗಿತ್ತು. ಎರಡನೇದಕ್ಕೆ ದೊಡ್ಡ ಮಗನ ಸ್ಕೂಲು ಬಿಡಿಸೋಕೆ ಆಗಲ್ಲ ಅಂತ ಅವಳು ಬರಲಿಲ್ಲ. ಬಾಣಂತನಕ್ಕೆ ಅಮ್ಮನೇ ಅಲ್ಲಿಗೆ ಹೋಗೋದು, ಮೂರು ತಿಂಗಳು ಇರೋದು ಅಂತಾಯ್ತು. ಅಮ್ಮನಿಗೆ ಅದು ಮೊದಲ ವಿಮಾನ. ಕರ್ಕೊಂಡು ಹೋಗಿ ಬಿಟ್ಟು ಬರೋ ಜವಾಬ್ದಾರಿ ನಂದು.

ನಮ್ಮೂರು ದಂಡಿನಶಿವರ, ತುರುವೇಕೆರೆ ತಾಲ್ಲೂಕು. ಎತ್ತ ತಿರುಗಿದ್ರೂ ತೆಂಗಿನ ತೋಟ. ಊರಿನ ಹೆಸರಲ್ಲೇ ದಂಡು ಇರೋದಕ್ಕೋ ಏನೋ, ನಮ್ಮನೇಲಿ ಒಬ್ಬರು ಹೊರಟ್ರೂ ದಂಡು ಹೊರಟ ಹಾಗೇ ಗಂಟುಮೂಟೆ ಕಟ್ಟೋದು. ಹೊರಡೋ ಹಿಂದಿನ ದಿನ ನಾನು ಬೆಂಗಳೂರಿಂದ ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಸಾಮಾನು ಸಾಲಾಗಿ ಕೂತಿತ್ತು. ರಾಗಿಹಿಟ್ಟು, ಹುರಳಿಕಾಳು, ಖಾರದಪುಡಿ, ಬೆಣ್ಣೆ ಕಾಯಿಸಿದ ತುಪ್ಪ, ಮಗುವಿಗೆ ಬಜೆ, ಧೂಪಕ್ಕೆ ಸಾಂಬ್ರಾಣಿ, ಹಳೇ ಕಾಟನ್ ಸೀರೆಗಳ ಒಂದು ಗಂಟು, ಮತ್ತೆ ಅಂಟಿನುಂಡೆಗೆ ಅಂತ ಕೊಬ್ಬರಿ.

ಕೊಬ್ಬರಿ ಅಂದ್ರೆ ಅಂಗಡಿಯಿಂದ ತಂದದ್ದಲ್ಲ. ನಮ್ಮ ಕಡೆ ಕಾಯಿ ಕೆಡವಿ ಮಟ್ಟೆ ಸಮೇತ ಅಟ್ಟಕ್ಕೆ ಹಾಕ್ತೀವಿ. ಒಳಗಿನ ನೀರು ಪೂರ್ತಿ ಇಂಗಿ, ಅಲ್ಲಾಡಿಸಿದ್ರೆ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಅನ್ನೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರಿನ ಮಾರುಕಟ್ಟೆಗೆ. ಅದರಲ್ಲಿ ಒಳ್ಳೊಳ್ಳೆ ಗಿಟುಕು ಆರಿಸಿ ಅಮ್ಮ ಮಗಳಿಗೆ ಅಂತ ತೆಗೆದಿಟ್ಟಿದ್ದಳು. ಅಕ್ಕ ಬಸುರಿ ಅಂತ ಗೊತ್ತಾಗೋ ಮುಂಚೆ ಅಟ್ಟ ಹತ್ತಿದ ಕಾಯಿ ಅವು.

ನಾನು ಅವಳಿಗೆ ಅಂತ ಹೊಸ ಸೂಟ್‌ಕೇಸು ತಗೊಂಡು ಹೋಗಿದ್ದೆ. ಗಟ್ಟಿ ಮೈ, ನಾಲ್ಕು ಚಕ್ರ, ನಂಬರ್ ಲಾಕು. ಕೊಬ್ಬರಿ ಚೀಲ ತೂಗೋ ಕೊಕ್ಕೆಗೆ ಖಾಲಿ ಸೂಟ್‌ಕೇಸು ನೇತುಹಾಕಿದೆ. 3.8 ಕೆ.ಜಿ. ಟಿಕೆಟ್ಟಲ್ಲಿ ಚೆಕ್-ಇನ್ನಿಗೆ ಇದ್ದದ್ದು ಒಟ್ಟು 15 ಕೆ.ಜಿ. ಅಪ್ಪ ಜಗಲಿಯಿಂದಲೇ ನೋಡಿ, "ಕಾಯಿಗಿಂತ ಮಟ್ಟೆನೇ ಭಾರ ಆಯ್ತಲ್ಲೇ" ಅಂದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ಆಮೇಲೆ ಒಂದೊಂದೇ ತೆಗೆಯೋಕೆ ಶುರು ಮಾಡಿದೆ. ಹುರಳಿಕಾಳು ಪುಣೇಲೂ ಸಿಗುತ್ತೆ, ತೆಗಿ. ಸಾಂಬ್ರಾಣಿ ಸಿಗುತ್ತೆ, ತೆಗಿ. ಕೊಬ್ಬರಿ ಎರಡು ಕೆ.ಜಿ. ಯಾಕಮ್ಮ, ಅದೂ ಸಿಗುತ್ತೆ, ತೆಗಿ. ಹಳೇ ಸೀರೆ ಗಂಟು ಎತ್ತಿ, "ಇದೇನಮ್ಮ, ಒರೆಸೋ ಬಟ್ಟೆನೂ ವಿಮಾನ ಹತ್ತಬೇಕಾ?" ಅಂತ ನಕ್ಕೆ. ಅಮ್ಮ ಏನೂ ಅನ್ನಲಿಲ್ಲ. ಕೊನೆಗೆ ತೂಕ 14.6ಕ್ಕೆ ಬಂತು. ಗೆದ್ದೆ ಅಂದುಕೊಂಡು ಮಲಗಿದೆ.

ಮಾರನೇ ದಿನ ವಿಮಾನ ನಿಲ್ದಾಣದಲ್ಲಿ ಬ್ಯಾಗು ಒಳಗೆ ಕಳಿಸಿ ಆಗಿತ್ತು. ಅಮ್ಮನ ಹೆಸರು ಹಿಡಿದು ಕರೆದ್ರು. ಸ್ಕ್ಯಾನಿನಲ್ಲಿ ಏನೋ ಉಂಡೆ ಉಂಡೆ ಕಾಣ್ತಿದೆ, ಬೀಗ ತೆಗೀರಿ ಅಂದ್ರು. ಅಮ್ಮನಿಗೆ ನಂಬರ್ ಲಾಕು ತೆಗೆಯೋಕೆ ಬರಲ್ಲ, ನಾನೇ ತೆಗೆದೆ. ಸೀರೆ, ಲಂಗ, ಕುಪ್ಪಸ ಎಲ್ಲಾ ಆ ಉಕ್ಕಿನ ಮೇಜಿನ ಮೇಲೆ ಬಂತು. ಸೀರೆಗಳ ಮಧ್ಯೆ, ಟವೆಲಿನಲ್ಲಿ ಸುತ್ತಿದ ಕೊಬ್ಬರಿ ಗಿಟುಕುಗಳು. ಎರಡು ಕೆ.ಜಿ., ಒಂದೂ ಕಡಿಮೆ ಇಲ್ಲ.

ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಕೇಳ್ದ, "ಯಾವೂರಮ್ಮ ನಿಮ್ಮದು?"

"ತಿಪಟೂರು ಕಡೆ."

"ಹಂಗಾದ್ರೆ ಕೊಬ್ಬರಿ ಇದ್ದೇ ಇರುತ್ತೆ ಬಿಡಿ. ಆದ್ರೆ ಇದು ಹೋಗಲ್ಲಮ್ಮ, ಬೆಂಕಿ ಹತ್ತೋ ಸಾಮಾನು."

ಹೊರಗೆ ಕೊಟ್ಟು ಕಳಿಸೋಕೆ ಯಾರೂ ಇರಲಿಲ್ಲ. ಅಷ್ಟೂ ಕೊಬ್ಬರಿ ಅಲ್ಲಿದ್ದ ಪೆಟ್ಟಿಗೆಗೆ ಬಿತ್ತು. ಹಿಂದೆ ನಿಂತವರು ನೋಡ್ತಿದ್ರು. ಅಮ್ಮ ಸೆರಗು ಹೊದ್ದುಕೊಂಡು ಲಂಗಗಳನ್ನು ಬೇಗ ಬೇಗ ಮಡಚಿ ಒಳಗೆ ತುರುಕಿದಳು. ನನ್ನ ಮುಖ ನೋಡಲಿಲ್ಲ.

ನಾನು ಮಾಡಿದ ತಪ್ಪು ನೋಡಿ. ಎಷ್ಟು ಕೆ.ಜಿ. ಅನ್ನೋದನ್ನ ನಾಲ್ಕು ಸಲ ಓದಿದ್ದೆ. ಏನೇನು ಒಯ್ಯೋ ಹಾಗಿಲ್ಲ ಅನ್ನೋ ಪಟ್ಟಿ ಒಂದು ಸಲವೂ ಓದಿರಲಿಲ್ಲ. ಒಣಕೊಬ್ಬರಿಯಲ್ಲಿ ಶೇ. 60ಕ್ಕಿಂತ ಹೆಚ್ಚು ಎಣ್ಣೆ ಇರುತ್ತೆ. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಅಂತ ಸ್ವಂತ ನಂಬರೇ ಇದೆ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ 4.2 ವರ್ಗ. ಅದಕ್ಕೇ ನಮ್ಮ ವಿಮಾನಗಳಲ್ಲಿ ಕೈಚೀಲದಲ್ಲೂ ಬೇಡ, ಚೆಕ್-ಇನ್ನಲ್ಲೂ ಬೇಡ. ಹಸಿ ತೆಂಗಿನಕಾಯಿಯ ಕತೆ ಬೇರೆ. ಅದನ್ನೂ ಸಾಮಾನ್ಯವಾಗಿ ಕೈಚೀಲದಲ್ಲಿ ಬಿಡಲ್ಲ. 2024ರ ಅಕ್ಟೋಬರಿನಲ್ಲಿ ಶಬರಿಮಲೆ ಯಾತ್ರಿಗಳ ಇರುಮುಡಿಯ ಕಾಯಿಗೆ ಅಂತಲೇ ಕೇಂದ್ರದ ವಿಮಾನಯಾನ ಭದ್ರತಾ ಸಂಸ್ಥೆ 2025ರ ಜನವರಿ 20ರವರೆಗೆ ವಿಶೇಷ ವಿನಾಯಿತಿ ಕೊಡಬೇಕಾಯ್ತು.

ವಿಮಾನದಲ್ಲಿ ಕೂತ ಮೇಲೆ ಇದನ್ನೆಲ್ಲ ಅಮ್ಮನಿಗೆ ವಿವರಿಸೋಕೆ ಹೋದೆ. ಅವಳು ಕಿಟಕಿ ಕಡೆ ನೋಡ್ತಾ ಅಂದ್ಲು: "ಕೊಬ್ಬರಿಗೆ ಬೆಂಕಿ ಹತ್ತುತ್ತೆ ಅಂತ ನಂಗೆ ಹೇಳ್ಕೊಡ್ತೀಯ? ಸೌದೆ ಹಸಿ ಇದ್ರೆ ಒಂದು ಚೂರು ಕೊಬ್ಬರಿ ಹಾಕೇ ಒಲೆ ಹಚ್ಚೋದು. ಅದುಕ್ಕೇ ಬೇಡ ಅಂದಿದ್ರೆ ಬಿಡ್ತಿದ್ದೆ. ಊರಲ್ಲೇ ಉಂಡೆ ಕಟ್ಕಂಡ್ ಬರ್ತಿದ್ದೆ. ನೀನು ತೂಕ ತೂಕ ಅಂದೆ. ತೂಕ ಸರಿ ಮಾಡ್ದೆ."

ತೂಕ ಹೇಗೆ ಸರಿ ಮಾಡಿದ್ಲು ಅಂತ ಪುಣೆಗೆ ಹೋದ ಮೇಲೆ ಗೊತ್ತಾಯ್ತು. ರಾತ್ರಿ ನಾನು ಮಲಗಿದ ಮೇಲೆ ತನ್ನ ಎರಡು ಸೀರೆ, ಸ್ವೆಟರು, ಶಾಲು ತೆಗೆದು ಆ ಜಾಗಕ್ಕೆ ಕೊಬ್ಬರಿ ಇಟ್ಟಿದ್ದಳು. ಪುಣೆಯ ಡಿಸೆಂಬರ್ ಚಳಿಗೆ ಭಾವನ ಹಳೇ ಸ್ವೆಟರ್ ಹಾಕ್ಕೊಂಡು ಓಡಾಡಿದ್ಲು.

ಕೊಬ್ಬರಿ ಪುಣೇಲೂ ಸಿಕ್ತು, ಆ ಮಾತು ಸುಳ್ಳಾಗಲಿಲ್ಲ. ಮರಾಠಿ ಮನೆಗಳಲ್ಲಿ ಒಣಕೊಬ್ಬರಿ ಇಲ್ಲದೆ ಮಸಾಲೆಯೇ ಇಲ್ಲ. ಭಾವ ಕೆಳಗಿನ ಅಂಗಡಿಯಿಂದ ತಂದ್ರು. ಅಮ್ಮ ಒಂದು ಚೂರು ಕಡಿದು ನೋಡಿ, "ನಮ್ಮ ಕಡೇದಲ್ಲ, ಪರವಾಗಿಲ್ಲ" ಅಂದು ಅಂಟಿನುಂಡೆ ಕಟ್ಟಿದ್ಲು.

ಸಿಗದೇ ಹೋದದ್ದು ಆ ಹಳೇ ಸೀರೆ. ಹತ್ತಿಪ್ಪತ್ತು ವರ್ಷ ಒಗೆದು ಒಗೆದು ಬೆಣ್ಣೆ ಹಾಗಾದ ಕಾಟನ್ ಬಟ್ಟೆ. ಹಸುಗೂಸನ್ನು ಸುತ್ತೋಕೆ, ಕೆಳಗೆ ಹಾಸೋಕೆ, ಸ್ನಾನದ ಮೇಲೆ ಒತ್ತಿ ಒರೆಸೋಕೆ ಅದೇ ಬೇಕು ಅಮ್ಮನಿಗೆ. ಅಂಗಡಿಯಿಂದ ತಂದ ಹೊಸ ಬಟ್ಟೆ ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. ಇದ್ದ ಮೂರು ಸೀರೆಯಲ್ಲಿ ಹಳೇದು ಯಾವುದೋ ನೋಡಿ, ತುದಿಗೆ ಕತ್ತರಿ ಕೊಟ್ಟು ಉದ್ದಕ್ಕೆ ಹರಿದಳು. ನಾನು ದಂಡಿನಶಿವರದಲ್ಲಿ ನಕ್ಕು ಬಿಟ್ಟು ಬಂದ ಗಂಟು ಒಂದು ಕೆ.ಜಿ.ಯೂ ಇರಲಿಲ್ಲ. ನನ್ನ ಸೂಟ್‌ಕೇಸಿನ ಮಟ್ಟೆನೇ 3.8 ಕೆ.ಜಿ. ಇತ್ತು.

ಈ ಕಾಲಂ ಓದೋರಲ್ಲಿ ಎಷ್ಟೋ ಜನ ನನ್ನ ಹಾಗೆ ಊರಿಗೂ ಊರಾಚೆಗೂ ಓಡಾಡೋರು, ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋರು. ಅದಕ್ಕೇ ನಾನು ಈಗ ಮಾಡೋದನ್ನ ಹೇಳ್ತೀನಿ.

ಮೊದಲು ಬ್ಯಾಗಲ್ಲ, ಗಾಡಿ ತೀರ್ಮಾನ ಮಾಡಿ. ಪುಣೆಗೆ ವಿಮಾನ ಒಂದೂವರೆ ಗಂಟೆ ಅಂತ ಬುಕ್ ಮಾಡಿದ್ದೆ. ಊರಿಂದ ಬೆಂಗಳೂರು, ಅಲ್ಲಿಂದ ಏರ್‌ಪೋರ್ಟು ಸೇರಿಸಿದ್ರೆ ಅರ್ಧ ದಿನ ಅಲ್ಲೇ ಹೋಯ್ತು. ಪುಣೆ, ಮೀರಜ್, ಹುಬ್ಬಳ್ಳಿ ಹಾದಿಯಲ್ಲಿ ಬರೋ ರೈಲುಗಳು ಅರಸೀಕೆರೆಗೇ ಬರ್ತವೆ. ನಮಗೆ ಬೆಂಗಳೂರಿನ ಮುಖವೇ ನೋಡಬೇಕಿಲ್ಲ. ರೈಲಲ್ಲಿ ಸ್ಲೀಪರ್, ತ್ರೀ ಟಯರ್ ಏಸಿಗೆ ಒಬ್ಬರಿಗೆ 40 ಕೆ.ಜಿ., ಟೂ ಟಯರಿಗೆ 50 ಕೆ.ಜಿ. ಉಚಿತ. ಸಾಮಾನು ಹೆಚ್ಚು, ಆತುರ ಕಡಿಮೆ ಅಂದ್ರೆ ರೈಲೇ ಸರಿ.

ಬ್ಯಾಗು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಖಾಲಿ ತೂಕ ನೋಡಿ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಕೈಚೀಲ 7 ಕೆ.ಜಿ. ಅದರಲ್ಲಿ ಮೂರು ಕೆ.ಜಿ.ಯ ಟ್ರಾಲಿ ತಗೊಂಡ್ರೆ ನಿಮ್ಮ ಬಟ್ಟೆಗೆ ಉಳಿದದ್ದು ನಾಲ್ಕೇ. ಒಂದು ಕೆ.ಜಿ. ಆಸುಪಾಸಿನ ಬ್ಯಾಕ್‌ಪ್ಯಾಕಿಗೆ ಆರು ಉಳಿಯುತ್ತೆ. ಅಳತೆ ಸುಮಾರು 55, 35, 25 ಸೆಂಟಿಮೀಟರ್ ಒಳಗಿರಲಿ. ಗಟ್ಟಿ ಮೈಯದೇ ಬೇಕು ಅಂದ್ರೆ ಪಾಲಿಕಾರ್ಬೊನೇಟ್ ಬಾಗುತ್ತೆ, ಬೇಗ ಸೀಳಲ್ಲ. ಅಂಗಡಿಯಲ್ಲೇ ಜಿಪ್ಪು ಮೂಲೆ ಹತ್ತಿರ ಎರಡು ಸಲ ಎಳೆದು ನೋಡಿ. ಬ್ಯಾಗು ಸಾಯೋದು ಹೆಚ್ಚಾಗಿ ಅಲ್ಲೇ.

ಚಕ್ರ ಇಳಿಯೋ ಜಾಗ ನೆನಪಿರಲಿ. ನಾಲ್ಕು ಚಕ್ರದ್ದು ಏರ್‌ಪೋರ್ಟಿನ ನೆಲದ ಮೇಲೆ ನೀರಿನ ಹಾಗೆ ಹರಿಯುತ್ತೆ. ನಮ್ಮೂರ ಬಸ್ ಸ್ಟ್ಯಾಂಡಿಂದ ತೋಟದ ಮನೆವರೆಗೆ ಅದನ್ನ ತಲೆ ಮೇಲೇ ಹೊರಬೇಕು. ಬಸ್ಸಲ್ಲಿ ಬ್ರೇಕ್ ಹಾಕಿದ್ರೆ ಅದೇ ಡ್ರೈವರ್ ಹತ್ತಿರ ಹೋಗಿ ನಿಲ್ಲುತ್ತೆ. ಮಣ್ಣು, ಜಲ್ಲಿ ದಾರಿಗೆ ದೊಡ್ಡ ಎರಡು ಚಕ್ರದ್ದು ಅಥವಾ ಬೆನ್ನಿಗೇರಿಸೋದು ವಾಸಿ.

ನಿಷಿದ್ಧ ವಸ್ತುಗಳ ಪಟ್ಟಿಯನ್ನ ಹೊರಡೋ ಹಿಂದಿನ ರಾತ್ರಿ ಅಲ್ಲ, ಸಾಮಾನು ಜೋಡಿಸೋ ಮುಂಚೆ ಓದಿ. ಗಟ್ಟಿಯಾಗಿ ಓದಿ, ಮನೆಯವರಿಗೂ ಕೇಳಿಸಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಕತ್ತರಿ, ಚಾಕು ಚೆಕ್-ಇನ್ನಲ್ಲಿ. ಕೊಬ್ಬರಿ ಎಲ್ಲೂ ಬೇಡ. ಉಳಿದ ತಿಂಡಿ, ತುಪ್ಪ, ಉಪ್ಪಿನಕಾಯಿಗೆ ನೀವು ಹೋಗೋ ವಿಮಾನ ಸಂಸ್ಥೆಯ ಪಟ್ಟಿ ನೋಡೇ ಹೊರಡಿ.

ಇನ್ನೊಂದು ಮಾತು. ಬೇರೆಯವರ ಬ್ಯಾಗಿಂದ ಏನನ್ನಾದರೂ ತೆಗೆಯೋ ಮುಂಚೆ "ಇದು ಯಾತಕ್ಕಮ್ಮ?" ಅಂತ ಒಂದು ಸಲ ಕೇಳಿ. ನನ್ನ ಬ್ಯಾಗು ಹಗುರ ಇರೋದಕ್ಕೆ ನನ್ನ ಜಾಣತನ ಒಂದೇ ಕಾರಣ ಅಲ್ಲ. ನಾನು ಹೋಗೋ ಕಡೆ ನನ್ನಿಂದ ಯಾರಿಗೂ ಏನೂ ಆಗಬೇಕಾಗಿರಲ್ಲ, ಕಾರ್ಡ್ ಉಜ್ಜಿದ್ರೆ ಎಲ್ಲಾ ಸಿಗುತ್ತೆ. ಅಮ್ಮ ಹೊರಟಿದ್ದು ಒಂದು ಹಸುಗೂಸು, ಒಬ್ಬ ಬಾಣಂತಿಯನ್ನ ನೋಡಿಕೊಳ್ಳೋಕೆ. ಅವಳ ಗಂಟಲ್ಲಿದ್ದದ್ದರಲ್ಲಿ ಅವಳಿಗೆ ಅಂತ ಇದ್ದದ್ದು ಸೀರೆ, ಸ್ವೆಟರು ಅಷ್ಟೇ. ಜಾಗ ಕಡಿಮೆ ಬಿದ್ದಾಗ ಅವಳು ಮೊದಲು ತೆಗೆದದ್ದೂ ಅದನ್ನೇ.

ಮಾರ್ಚಿನಲ್ಲಿ ನಾನೇ ಹೋಗಿ ಅಮ್ಮನ್ನ ಕರ್ಕೊಂಡು ಬಂದೆ, ರೈಲಲ್ಲಿ. ಸೂಟ್‌ಕೇಸು ಪುಣೆಯಲ್ಲೇ ಉಳೀತು. ಅಕ್ಕ ಅದರಲ್ಲಿ ಮಕ್ಕಳ ಸಣ್ಣಗಾದ ಬಟ್ಟೆ ತುಂಬಿ ಮಂಚದ ಕೆಳಗೆ ತಳ್ಳಿದ್ದಾಳೆ. ಅಮ್ಮ ಒಂದು ವೈರ್ ಬ್ಯಾಗು, ಒಂದು ಬಟ್ಟೆ ಚೀಲ ಹಿಡ್ಕೊಂಡು ಅರಸೀಕೆರೆಯಲ್ಲಿ ನನಗಿಂತ ಮುಂಚೆ ಇಳಿದ್ಲು.

ಮುಂದಿನ ತಿಂಗಳು ಮಗುವಿನ ಮೊದಲ ವರ್ಷದ ಹುಟ್ಟುಹಬ್ಬ. ಮತ್ತೆ ಪುಣೆ. ಹೋದ ಭಾನುವಾರ ಊರಿಗೆ ಹೋದಾಗ ಪಡಸಾಲೆಯಲ್ಲಿ ಆಗಲೇ ಸಾಮಾನು ಕೂತಿತ್ತು. ಕೊಬ್ಬರಿ ಇರಲಿಲ್ಲ. "ಅಲ್ಲೇ ಸಿಗುತ್ತಲ್ಲ" ಅಂದ್ಲು ಅಮ್ಮ. ನಾನು ಏನನ್ನೂ ಹೊರಗೆ ತೆಗೆಯಲಿಲ್ಲ. ಸ್ವೆಟರ್ ಇದೆಯಾ ಅಂತ ಮಾತ್ರ ಕೈಹಾಕಿ ನೋಡಿದೆ. ಇರಲಿಲ್ಲ. ಬೀರುವಿನಿಂದ ತಂದು ಎಲ್ಲದರ ಮೇಲೆ ಇಟ್ಟೆ.